ಲೋಕ ಅದಾಲತ್‌ನಲ್ಲಿ ಸಾಲ ರಾಜಿ ಮಾಡ್ಕೊಂಡೋರು ಕಂತು ಕಟ್ಟೋ ಮುಂಚೆ ಇದನ್ನ ಓದಿ

ಬ್ಯಾಂಕು, ಫೈನಾನ್ಸ್‌ನವರು ಹಾಕಿದ ಸಾಲದ ದಾವೆ ಲೋಕ ಅದಾಲತ್‌ನಲ್ಲಿ ರಾಜಿ ಆಯ್ತು ಅಂದ್ರೆ ಜನ ನಿಟ್ಟುಸಿರು ಬಿಟ್ಟು ಮನೆಗೆ ಹೋಗ್ತಾರೆ, ಸಹಜಾನೇ ಬಿಡಿ, ವರ್ಷಗಟ್ಲೆ ಫೋನು, ನೋಟಿಸು ಅಂತ ನೊಂದಿರ್ತಾರೆ. ಆದ್ರೆ ಆವತ್ತು ಸಹಿ ಹಾಕಿದ ಕಾಗದದ ಬಲ ಎಷ್ಟು ಅಂತ ಆ ಗದ್ದಲದಲ್ಲಿ ಯಾರೂ ಕೂರಿಸಿಕೊಂಡು ಹೇಳಲ್ಲ. ಸಿವಿಲ್ ಕೇಸು ನಡೆಸೋ ವಕೀಲನಾಗಿ ನನಗೆ ತುಂಬಾ ಸಂಕಟ ಆಗೋದು ಇಲ್ಲೇ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಲೋಕ ಅದಾಲತ್ ಅವಾರ್ಡು, ಅಂದ್ರೆ ಅಲ್ಲಿ ಆದ ರಾಜಿಯ ಆದೇಶ, ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದ್ರೆ ತೀರ್ಪಿನ ಆದೇಶಕ್ಕೆ ಸಮ, ಅದರ ಮೇಲೆ ಅಪೀಲು ಇಲ್ಲ. ಚೆಕ್ ಬೌನ್ಸ್ ಕೇಸಲ್ಲಿ ಆದ ರಾಜಿಗೂ ಇದೇ ಬಲ ಇದೆ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾಜಿಯಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತೆ, ಒಂದು ಕಂತು ತಪ್ಪಿದ್ರೂ ಬಿಟ್ಟ ಬಡ್ಡಿ ಸಮೇತ ಪೂರ್ತಿ ಬಾಕಿ ಕಟ್ಟಬೇಕು ಅಂತ. ತಪ್ಪಿದ್ರೆ ಸಾಲ ಕೊಟ್ಟೋರು ಹೊಸ ದಾವೆ ಹಾಕೋ ಹಾಗಿಲ್ಲ, ನೇರವಾಗಿ ಇಪಿ, ಅಂದ್ರೆ ಡಿಕ್ರಿ ಪ್ರಕಾರ ಕೋರ್ಟಿನ ಮೂಲಕ ದುಡ್ಡು ವಸೂಲಿ ಮಾಡಿಸಿ ಅಂತ ಕೇಳೋ ಅಮಲ್ಜಾರಿ ಅರ್ಜಿ ಹಾಕ್ತಾರೆ, ಅದಕ್ಕೆ 12 ವರ್ಷ ಟೈಮಿದೆ. ಡಿಕ್ರಿ ಆದಮೇಲೆ ಕಂತು ಇಳಿಸಿ ಸ್ವಾಮಿ ಅಂತ ಕೇಳ್ಕೊಂಡ್ರೂ ಸಾಲ ಕೊಟ್ಟೋರು ಒಪ್ಪದೆ ಕೋರ್ಟು ಕೊಡೋಕಾಗಲ್ಲ, ಹಾಗಾಗಿ ತಿಂಗಳಿಗೆ ಎಷ್ಟು ಕಟ್ಟಬಲ್ಲೆ ಅನ್ನೋ ಲೆಕ್ಕ ಸಹಿಗೆ ಮುಂಚೆನೇ ಆಗಬೇಕು.

ಟೈಲರಿಂಗ್ ಮಾಡೋ ಒಬ್ರು ಅಕ್ಕ ನನ್ನ ಹತ್ರ ಬಂದಿದ್ರು, ರಾಜಿ ಆದಮೇಲೆ ಕಂತುಗಳನ್ನ ಮನೆಗೆ ಬರ್ತಿದ್ದ ಕಲೆಕ್ಷನ್ ಹುಡುಗನ ಕೈಗೇ ಕ್ಯಾಶ್ ಕೊಟ್ಟಿದಾರೆ, ಅಳತೆ ಬರ್ಕೊಳ್ಳೋ ಪುಸ್ತಕದ ಹಿಂದಿನ ಹಾಳೆಲಿ ತಾರೀಕು, ಮೊತ್ತ, ಅವನ ಒಂದು ಗೀಚು, ಅಷ್ಟೇ. ಆಮೇಲೆ ಕಂಪನಿಯವರು ಏನೂ ಬಂದಿಲ್ಲ ಅಂತ ಪೂರ್ತಿ ಮೊತ್ತಕ್ಕೆ ಇಪಿ ಹಾಕಿದ್ರು, ಹುಡುಗ ಕೆಲಸ ಬಿಟ್ಟು ಹೋಗಿದ್ದ. ಸಿಪಿಸಿ, ಅಂದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 21 ರೂಲ್ 2 ಇಲ್ಲಿ ಬಹಳ ಕಠಿಣ, ಕೋರ್ಟಿನ ಹೊರಗೆ ಕಟ್ಟಿದ ದುಡ್ಡನ್ನ ಕೋರ್ಟಲ್ಲಿ ದಾಖಲು ಮಾಡಿಸದಿದ್ರೆ ಅಮಲ್ಜಾರಿ ಕೋರ್ಟು ಅದನ್ನ ಲೆಕ್ಕಕ್ಕೇ ತಗೊಳಲ್ಲ, ದಾಖಲು ಮಾಡಿಸೋಕೆ ಕಟ್ಟಿದ ದಿನದಿಂದ ಬರೀ 30 ದಿನ. ಬೆವರು ಸುರಿಸಿ ಕಟ್ಟಿದ ದುಡ್ಡು ಹೀಗೆ ಲೆಕ್ಕಕ್ಕೇ ಸಿಗದೆ ಹೋಗೋದು ಅನ್ಯಾಯ ಅಂತಾನೇ ನನ್ನ ಅಭಿಪ್ರಾಯ, ಆದ್ರೆ ಕಾನೂನು ಇರೋದು ಹಾಗೆ. ದಯವಿಟ್ಟು ಕಂಪನಿ ಖಾತೆಗೆ ಬ್ಯಾಂಕ್ ಮೂಲಕವೇ ಹಾಕಿ, ಇಲ್ಲಾ ಕೋರ್ಟಲ್ಲೇ ಡೆಪಾಸಿಟ್ ಮಾಡಿ, ಕಟ್ಟಿದ್ದು ದಾಖಲಾಗೋ ಹಾಗೆ ವಕೀಲರಿಗೆ ಹೇಳಿ ಕೋರ್ಟಿಗೆ ಮೆಮೋ ಹಾಕಿಸಿ.

ಇಪಿ ನೋಟಿಸು ಬಂದ್ರೆ ಹೆದರಿ ಮನೆಲಿ ಕೂರಬೇಡಿ. ಸಂಬಳ ಪೂರ್ತಿ ಹಿಡಿಯೋಕಾಗಲ್ಲ, ಮೊದಲ 1,000 ರೂಪಾಯಿ, ಉಳಿದಿದ್ದರಲ್ಲಿ ಮೂರನೇ ಎರಡು ಭಾಗ ನಿಮ್ಮದೇ, ಅಂದ್ರೆ 25,000 ಸಂಬಳ ಇದ್ರೆ ಹೆಚ್ಚಂದ್ರೆ 8,000. ಪಿಎಫ್ ಮುಟ್ಟಂಗಿಲ್ಲ. ದುಡ್ಡಿನ ಡಿಕ್ರಿಗೆ ಹೆಂಗಸರನ್ನ ಅರೆಸ್ಟ್ ಮಾಡೋ ಹಾಗಿಲ್ಲ, ಗಂಡಸರನ್ನೂ ಬರೀ ಬಡತನದಿಂದ ಕಟ್ಟಿಲ್ಲ ಅಂತ ಜೈಲಿಗೆ ಹಾಕಂಗಿಲ್ಲ ಅಂತ 1980ರಲ್ಲೇ ಬ್ಯಾಂಕ್ ಆಫ್ ಕೊಚಿನ್ ಕೇಸಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಇನ್ನು ರಾಜಿ ಸಾಲ ಕೊಟ್ಟೋರನ್ನೂ ಕಟ್ಟಿಹಾಕುತ್ತೆ. ಎಲ್ಲಾ ಕಟ್ಟಿ ಮುಗಿಸಿದಮೇಲೆ ಆಸ್ತಿ ಪತ್ರ 30 ದಿನದೊಳಗೆ ವಾಪಸ್ ಕೊಡಬೇಕು, ಅವರ ಕಡೆಯಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ, ಇದು 2023ರ ಆರ್‌ಬಿಐ ಆದೇಶ. ನೋ ಡ್ಯೂ ಲೆಟರ್ ಯಾವಾಗ ಕೊಡ್ತಾರೆ, ಸಿಬಿಲ್‌ಗೆ ಏನಂತ ತಿಳಿಸ್ತಾರೆ, ಇಟ್ಕೊಂಡಿರೋ ಖಾಲಿ ಚೆಕ್ ಯಾವಾಗ ವಾಪಸ್, ಎಲ್ಲಾ ರಾಜಿ ಪತ್ರದಲ್ಲೇ ಬರೆಸಿ. ವಕೀಲರಿಗೆ ಫೀಸು ಕೊಡೋಕೆ ಇಲ್ಲ ಅಂದ್ರೆ ತಾಲ್ಲೂಕು ಕಾನೂನು ಸೇವಾ ಸಮಿತಿಲಿ ಕೇಳಿ, ಹೆಂಗಸರಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ಎಷ್ಟೇ ಇದ್ರೂ ಉಚಿತ, 15100ಕ್ಕೆ ಫೋನ್ ಮಾಡಿದ್ರೂ ಆಗುತ್ತೆ.