ಚೇರ್ ಒನ್‌ಗೆ ಮಳೆಗಾಲದ ಕುಶನ್: ಎರಡನೇ ಪ್ರಯತ್ನ

ಜೂನ್ 12, ಮಂಗಳೂರು

ಮೊದಲ ಕುಶನ್ ಕೆಲಸಕ್ಕೆ ಬರಲಿಲ್ಲ. ಎರಡು ದಿನದಿಂದ ಸಿಟ್‌ಔಟಿಗೆ ಒಂದೇ ಸಮನೆ ಎರಚಲು. ಇವತ್ತು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಹೊಲಿದ ದಿನ 260 ಗ್ರಾಂ ಇದ್ದದ್ದು ಈಗ 1,140.

ಕುರ್ಚಿದೇನೂ ತಪ್ಪಿಲ್ಲ. ಅದು ಜರ್ಮನಿಯ ಕಾನ್‌ಸ್ಟಾಂಟಿನ್ ಗ್ರಿಚಿಚ್ ವಿನ್ಯಾಸ ಮಾಡಿ, ಇಟಲಿಯ ಮಾಜಿಸ್ ಕಂಪೆನಿ ತಯಾರಿಸುವ ಚೇರ್ ಒನ್. ಬೆಂಗಳೂರಿನಲ್ಲಿ ಮುಚ್ಚಿದ ಒಂದು ಆಫೀಸಿನಿಂದ ಭಾವ ಸೆಕೆಂಡ್‌ಹ್ಯಾಂಡಿಗೆ ತಂದುಕೊಟ್ಟರು. ಎರಕದ ಅಲ್ಯೂಮಿನಿಯಂ, ಫುಟ್‌ಬಾಲಿನ ಹಾಗೆ ಚಪ್ಪಟೆ ಮುಖಗಳು, ನಡುವೆ ದೊಡ್ಡ ದೊಡ್ಡ ತೂತು. ನೀರು ನಿಲ್ಲುವುದೇ ಇಲ್ಲ. ಆದರೆ ಹತ್ತು ನಿಮಿಷ ಕೂತರೆ ತೊಡೆ ಮೇಲೆ ಅದರ ನಕ್ಷೆ ಮೂಡುತ್ತದೆ.

ನಾನು ಕೊಡೆ ಬಟ್ಟೆಯೊಳಗೆ ಮಾಮೂಲಿ ಸ್ಪಂಜು ತುಂಬಿ ನಾಲ್ಕೂ ಕಡೆ ಹೊಲಿದುಬಿಟ್ಟಿದ್ದೆ. ಬಟ್ಟೆ ನೀರು ಬಿಡಲಿಲ್ಲ, ಸೂಜಿ ತೂತು ಬಿಟ್ಟಿತು. ಕೂತಾಗ ಸ್ಪಂಜಿನ ಗಾಳಿ ಹೊರಗೆ ಹೋಗುತ್ತದೆ. ಎದ್ದಾಗ ಸ್ಪಂಜು ಉಬ್ಬುತ್ತಾ ಹೊಲಿಗೆ ಮೇಲೆ ನಿಂತ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಥೇಟ್ ಸಿರಿಂಜಿನ ಹಾಗೆ. ಒಳಗೆ ಹೋದದ್ದಕ್ಕೆ ಹೊರಗೆ ಬರಲು ದಾರಿ ಇಲ್ಲ. ಆಗಲೇ ಬೂಷ್ಟಿನ ವಾಸನೆ.

ಜೂನ್ 21

ನೀರು ತಡೆಯುವ ಹಠ ಬಿಟ್ಟೆ. ಬಂದದ್ದು ಸೋರಿ ಹೋದರೆ ಸಾಕು.

ಹಳೆಯ ಕಾಯರ್ ಹಾಸಿಗೆಯಿಂದ ಒಂದಿಂಚು ದಪ್ಪದ ತುಂಡು ಕತ್ತರಿಸಿದೆ. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ಮಾಲು ಅದು. ನಾರುಗಳ ನಡುವೆ ಬೇಕಾದಷ್ಟು ಸಂದು. ಅಡಿಭಾಗಕ್ಕೆ ಅಮ್ಮನ ಆಂಥೂರಿಯಂ ಕುಂಡಗಳಿಗೆ ತಂದು ಉಳಿದ ಶೇಡ್ ನೆಟ್.

ಅಳತೆಗೆ ಉದಯವಾಣಿಯ ಹಾಳೆ ಹಾಸಿ, ಸೀಟಿನ ಅಂಚಿನುದ್ದಕ್ಕೂ ಉಗುರಿನಿಂದ ಗೀರಿದೆ. ಮೇಲಿನ ಬಟ್ಟೆ ಒಂದೇ ತುಂಡು. ಬದಿಗೆ ಮಡಚಿ, ಹೊಲಿಗೆಯೆಲ್ಲ ಅಡಿಯಲ್ಲಿ. ಗುಂಡುಸೂಜಿ ಚುಚ್ಚಿದರೆ ಈ ಬಟ್ಟೆಯಲ್ಲಿ ತೂತು ಹಾಗೇ ಉಳಿಯುತ್ತದೆ, ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪೇ ಹಾಕಿದೆ. 16 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ. ಹತ್ತಿ ದಾರ ನಮ್ಮ ಮಳೆಗೆ ಕೊಳೆಯುತ್ತದೆ, ಅಲ್ವಾ?

ಜೂನ್ 24

ಪರೀಕ್ಷೆಗೆಂದು ಕುಶನ್ ಮಗುಚಿ ಎರಡು ಚೊಂಬು ನೀರು ಹೊಯ್ದು, ಮತ್ತೆ ಸರಿ ಮಾಡಿ ಕುರ್ಚಿ ಮೇಲಿಟ್ಟೆ. ನೆಲದ ತುಂಬ ಕಂದು ನೀರು. ಅಮ್ಮ ಬಂದು ನೋಡಿ, "ಎಂತ ಮಾರಾಯ, ಕುರ್ಚಿ ಚಾ ಸೋರ್ತಾ ಉಂಟಾ?" ಅಂದರು. ನಾರಿನ ಬಣ್ಣ ಅದು. ಹೊಲಿಯುವ ಮೊದಲೇ ನೆನೆಸಬೇಕಿತ್ತು. ಬಿಚ್ಚಲು ಮನಸ್ಸಾಗದೆ ಇಡೀ ಕುಶನನ್ನೇ ಬಕೆಟಿನಲ್ಲಿ ಅದ್ದಿದೆ. ಮೂರನೇ ನೀರಿಗೆ ತಿಳಿಯಾಯಿತು.

ಜುಲೈ 3

ಒಂದು ವಾರದಿಂದ ಹೊರಗೇ ಇದೆ. ಒಣಗಿದ್ದಾಗ 410 ಗ್ರಾಂ. ನಿನ್ನೆ ರಾತ್ರಿಯ ಮಳೆಯ ನಂತರ 495, ಮಧ್ಯಾಹ್ನಕ್ಕೆ 430. ವಾಸನೆ ಇಲ್ಲ. ಮೆತ್ತಗೆ ಇದ್ದದ್ದು ಸ್ಪಂಜೇ, ಸುಮ್ನೆ ಸುಳ್ಳು ಹೇಳುವುದಿಲ್ಲ.

ಕಬ್ಬಿಣದ ಪ್ರೆಸ್ ಬಟನ್‌ಗೆ ಆಗಲೇ ತುಕ್ಕು. ಕಿತ್ತು ಹಾಕಿ, ಕುರ್ಚಿಯ ತೂತುಗಳ ಮೂಲಕ ವೆಲ್ಕ್ರೋ ಪಟ್ಟಿ ಸುತ್ತಿದ್ದೇನೆ. ಎದುರಿನ ಎಡ ಮೂಲೆ ಮಾತ್ರ ಗಾಳಿಗೆ ಏಳುತ್ತದೆ. ಭಾನುವಾರ ಅಲ್ಲಿಗೆ ಇನ್ನೊಂದು ಪಟ್ಟಿ.