ಲ್ಯಾಪ್‌ಟಾಪ್ ಇಲ್ಲೋ, ಅಲ್ಲೋ?

ಮೈಸೂರು, 7 ಸೆಪ್ಟೆಂಬರ್ 2025, ಭಾನುವಾರ

ಲ್ಯಾಪ್‌ಟಾಪನ್ನು ಇಲ್ಲೇ ಕೊಳ್ಳುವುದೋ, ಜರ್ಮನಿಗೆ ಹೋದ ಮೇಲೆ ಕೊಳ್ಳುವುದೋ ಎಂದು ಮನೆಯಲ್ಲಿ ಇಷ್ಟು ದಿನ ನಡೆಯುತ್ತಿದ್ದ ಚರ್ಚೆ ಇವತ್ತು ಮುಗಿಯಿತು. ಹೊಸ ಲ್ಯಾಪ್‌ಟಾಪ್ ಇಲ್ಲೇ ತೆಗೆದುಕೊಂಡೆ. ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ. 27ರ ರಾತ್ರಿ ಬೆಂಗಳೂರಿನಿಂದ ವಿಮಾನ, 28ಕ್ಕೆ ಜರ್ಮನಿ, ಆಮೇಲೆ ಆಖೆನ್ ಊರಿನಲ್ಲಿ ಎರಡು ವರ್ಷದ ಎಂ.ಎಸ್‌ಸಿ. ಈ ಸಲದ ಜಂಬೂ ಸವಾರಿ ನನಗೆ ಸಿಗುವುದಿಲ್ಲ, ಅದೊಂದು ಬೇಜಾರು.

ಈ ವರ್ಷ ಓದಲು ಹೊರಟಿರುವ ಗೆಳೆಯ ಗೆಳತಿಯರೆಲ್ಲ ಇದೇ ಪ್ರಶ್ನೆ ಕೇಳುತ್ತಿದ್ದಾರೆ. ಹಾಗಾಗಿ ನಾನು ಯೋಚಿಸಿದ್ದನ್ನೆಲ್ಲ ಬರೆದಿಡುತ್ತೇನೆ.

ಎಲ್ಲರೂ ಮೊದಲು ಮಾತಾಡುವುದು ಬೆಲೆ. ನಾನೂ ಇಲ್ಲಿನ ಬೆಲೆ, ಅಲ್ಲಿನ ಬೆಲೆ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಇಲ್ಲಿ ಲ್ಯಾಪ್‌ಟಾಪಿಗೆ 18% ಜಿಎಸ್‌ಟಿ, ಅಲ್ಲಿ 19% ತೆರಿಗೆ. ನಾನು ನೋಡಿದ ಮಾದರಿಗಳಲ್ಲಿ ಒಂದು ಇಲ್ಲಿ ಸ್ವಲ್ಪ ಕಡಿಮೆ, ಇನ್ನೊಂದು ಅಲ್ಲಿ ಕಡಿಮೆ. ಬೆಲೆ ನೋಡಿ ತೀರ್ಮಾನ ಮಾಡುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ, ಅಲ್ವಾ? ವೀಸಾಗಾಗಿ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಟ್ಟಿದ್ದೇವೆ. ಅದು ತಿಂಗಳಿಗೆ 992ರಂತೆ ಮಾತ್ರ ಕೈಗೆ ಬರುತ್ತದೆ. ರೂಮಿನ ಬಾಡಿಗೆ, ಡೆಪಾಸಿಟ್, ಊಟ, ಆರೋಗ್ಯ ವಿಮೆ ಎಲ್ಲ ಅದರಲ್ಲೇ ಆಗಬೇಕು. ಯೂರೋ ನೂರು ರೂಪಾಯಿ ದಾಟಿರುವ ಹೊತ್ತಿನಲ್ಲಿ ಮೊದಲ ತಿಂಗಳ ದುಡ್ಡನ್ನು ಲ್ಯಾಪ್‌ಟಾಪಿಗೆ ಹಾಕಲು ನನಗೆ ಧೈರ್ಯ ಬರಲಿಲ್ಲ. ಇಲ್ಲಿಯಾದರೆ ಶಿಕ್ಷಣ ಸಾಲದ ಖರ್ಚಿನ ಪಟ್ಟಿಗೆ ಕಂಪ್ಯೂಟರನ್ನೂ ಸೇರಿಸಿಕೊಳ್ಳಬಹುದು. ಸಾಲ ಮಾಡಿ ಹೋಗುವವರು ಇದನ್ನು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ.

ಇಲ್ಲೇ ಕೊಳ್ಳುವುದಾದರೆ ಯಾವಾಗ ಅನ್ನುವುದು ಎರಡನೇ ಜಗಳ. ಅಪ್ಪ "22ರವರೆಗೆ ಕಾಯೋಣ ಕಣಮ್ಮ, ಜಿಎಸ್‌ಟಿ ಇಳಿಯುತ್ತೆ" ಎಂದರು. ಮೊನ್ನೆ 3ರಂದು ಕೌನ್ಸಿಲ್ ಸಭೆಯಲ್ಲಿ ದೊಡ್ಡ ಟಿವಿ, ಎಸಿ, ಮಾನಿಟರಿನ ತೆರಿಗೆಯನ್ನು 28ರಿಂದ 18ಕ್ಕೆ ಇಳಿಸಿದರು, ನಿಜ. ಲ್ಯಾಪ್‌ಟಾಪ್ ಮೊದಲೇ 18ರಲ್ಲಿತ್ತು, ಅಲ್ಲೇ ಉಳಿಯಿತು. ಪಟ್ಟಿ ತೋರಿಸಿದ ಮೇಲೆ ಅಪ್ಪ ಒಪ್ಪಿದರು. ಅಮ್ಮನದು ಬೇರೆ ಲೆಕ್ಕ. "ನಾಳೆಯಿಂದ ಪಿತೃಪಕ್ಷ ಕಣೇ, ಮಹಾಲಯ ಅಮಾವಾಸ್ಯೆ ಮುಗಿಯೋವರೆಗೂ ಹೊಸದೇನೂ ತರಬಾರದು. ಇವತ್ತು ನೋಡಿದರೆ ಗ್ರಹಣ." ಅಮಾವಾಸ್ಯೆ 21ಕ್ಕೆ. ಅಷ್ಟು ದಿನ ಕಾದರೆ ಹೊರಡುವುದಕ್ಕೆ ಒಂದು ವಾರವೂ ಇರುವುದಿಲ್ಲ.

ಹೊಸ ಯಂತ್ರದ ತೊಂದರೆಗಳು ಸಾಮಾನ್ಯವಾಗಿ ಶುರುವಿನಲ್ಲೇ ಕಾಣಿಸುತ್ತವೆ. ಪರದೆಯ ಮೇಲೆ ಸತ್ತ ಚುಕ್ಕಿ, ಸುಮ್ನೆ ಕೂಗುವ ಫ್ಯಾನ್, ಚಾರ್ಜ್ ನಿಲ್ಲದ ಬ್ಯಾಟರಿ. ಅವೆಲ್ಲ ಇಲ್ಲಿರುವಾಗಲೇ ಕಾಣಲಿ, ಅಂಗಡಿಗೆ ನಡೆದುಹೋಗಿ ತೋರಿಸುವಂತಿರಲಿ ಎಂಬುದು ನನ್ನ ಆಸೆ. ಅಮ್ಮನಿಗೆ ಇದನ್ನೇ ಹೇಳಿದೆ. ಅವರು ಪಂಚಾಂಗ ನೋಡಿ, "ಸೂತಕ ಶುರುವಾಗೋದು ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ, ಅಷ್ಟರೊಳಗೆ ತಂದುಬಿಡು" ಎಂದರು. ಬೆಳಿಗ್ಗೆ ದೇವರಾಜ ಅರಸ್ ರಸ್ತೆಯಲ್ಲಿ ಅಂಗಡಿ ಬಾಗಿಲು ತೆಗೆಯುವಾಗಲೇ ನಾನು, ಅಪ್ಪ, ತಮ್ಮ ಹಾಜರು.

ಇನ್ನು, ಅಲ್ಲಿಗೆ ಹೋಗಿ ಕೊಳ್ಳುವುದು ಬೇಡ ಎಂದು ನನಗೆ ಗಟ್ಟಿಯಾಗಿ ಅನಿಸಿದ್ದು ಮೊದಲ ಎರಡು ವಾರವನ್ನು ಕ್ಯಾಲೆಂಡರ್ ಮೇಲೆ ಬರೆದು ನೋಡಿದಾಗ. ಇಳಿಯುವ ದಿನ ಭಾನುವಾರ, ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಅದೇ ವಾರ ಶುಕ್ರವಾರ, ಅಕ್ಟೋಬರ್ 3, ಜರ್ಮನಿ ಒಂದಾದ ದಿನದ ರಜೆ. ಆ ನಡುವೆ ವಿಳಾಸ ನೋಂದಣಿಗೆ ಅಪಾಯಿಂಟ್‌ಮೆಂಟ್ ಹುಡುಕಬೇಕು, ಬ್ಯಾಂಕ್ ಖಾತೆ ತೆಗೆಯಬೇಕು, ಬ್ಲಾಕ್ಡ್ ಅಕೌಂಟನ್ನು ಆ ಖಾತೆಗೆ ಜೋಡಿಸಬೇಕು, ವಿಮೆಯ ಕಾಗದ ಕಳಿಸಬೇಕು, ವಿಶ್ವವಿದ್ಯಾಲಯದ ಪೋರ್ಟಲಿನಲ್ಲಿ ವಿಷಯಗಳನ್ನು ಆರಿಸಬೇಕು. ಉದ್ದುದ್ದದ ಜರ್ಮನ್ ಅರ್ಜಿಗಳನ್ನು ಮೊಬೈಲಿನ ಪುಟ್ಟ ಪರದೆಯಲ್ಲಿ ತುಂಬುವುದು ಹೇಗೆ? ಕಂಪ್ಯೂಟರ್ ಬೇಕೇಬೇಕಾಗುವುದು ಆ ದಿನಗಳಲ್ಲೇ. ಕೈಯಲ್ಲಿ ದುಡ್ಡು, ಖಾತೆ, ಪಕ್ಕಾ ವಿಳಾಸ ಇಲ್ಲದಿರುವುದೂ ಆ ದಿನಗಳಲ್ಲೇ. ಬೆಲೆಯಲ್ಲಿ ಐದಾರು ಸಾವಿರ ಹೆಚ್ಚುಕಮ್ಮಿ ಆದರೂ ನಾನು ಇದಕ್ಕೇ ಜಾಸ್ತಿ ತೂಕ ಕೊಡುತ್ತೇನೆ.

ಕೀಬೋರ್ಡ್ ಇನ್ನೊಂದು ದೊಡ್ಡ ಕಾರಣ. ಸ್ಟುಟ್‌ಗಾರ್ಟ್‌ನಲ್ಲಿರುವ ದೊಡ್ಡಮ್ಮನ ಮಗಳು ವಿಡಿಯೋ ಕಾಲ್ ಮಾಡಿ ತನ್ನ ಲ್ಯಾಪ್‌ಟಾಪನ್ನು ಕ್ಯಾಮೆರಾ ಹತ್ತಿರ ಹಿಡಿದು ತೋರಿಸಿದಳು. ವೈ ಇರಬೇಕಾದ ಕಡೆ ಝಡ್, ಝಡ್ ಇರಬೇಕಾದ ಕಡೆ ವೈ. ಎಡಗಡೆಯ ಶಿಫ್ಟ್ ಗಿಡ್ಡ, ಅದರ ಪಕ್ಕ ನಮ್ಮಲ್ಲಿಲ್ಲದ ಒಂದು ಕೀ. ಈಮೇಲಿನ ಅಟ್ ಚಿಹ್ನೆ ಕ್ಯೂ ಮೇಲೆ ಕೂತಿದೆ. ಪ್ರೋಗ್ರಾಂ ಬರೆಯುವಾಗ ಗಳಿಗೆಗೊಮ್ಮೆ ಬೇಕಾಗುವ ಹೂ ಆವರಣ, ಚೌಕ ಆವರಣಗಳೆಲ್ಲ 7, 8, 9, 0 ಕೀಗಳ ಮೇಲಿವೆ, ಪ್ರತಿ ಸಲ ಬಲಗಡೆಯ ಆಲ್ಟ್‌-ಜಿಆರ್ ಒತ್ತಿಯೇ ತೆಗೆಯಬೇಕು. "ಅಭ್ಯಾಸ ಆಗುತ್ತೆ, ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಆ ತಲೆನೋವು ಯಾಕೆ? ಇಲ್ಲಿ ಅಂಗಡಿಗೆ ಹೋದರೆ ಹೆಚ್ಚಾಗಿ ಸಿಗೋದು ಇದೇ ಕೀಬೋರ್ಡು, ನೀನು ಅಲ್ಲಿಂದಲೇ ತಗೊಂಡು ಬಾರೇ" ಎಂದಳು ಅಕ್ಕ. ನನ್ನ ಕನ್ನಡ ಟೈಪಿಂಗೂ ಇಂಗ್ಲಿಷ್ ಕೀಗಳಲ್ಲೇ ಕನ್ನಡ ಬರೆಯುವ ಕೆ.ಪಿ. ರಾವ್ ವಿನ್ಯಾಸದ್ದು. ಕೀ ನೋಡದೆಯೇ ಬೆರಳು ಓಡುತ್ತದೆ. ಅದೊಂದು ಸುಖ ದೂರದೇಶದಲ್ಲೂ ನನ್ನ ಜೊತೆಗಿರಬೇಕು.

ಅಲ್ಲಿ ಕೊಳ್ಳುವುದರಲ್ಲಿ ಒಳ್ಳೆಯದೇ ಇಲ್ಲ ಎಂದು ಹೇಳುತ್ತಿಲ್ಲ. ಅಂಗಡಿಯಲ್ಲಿ ಹೊಸದನ್ನು ಕೊಂಡರೆ ಎರಡು ವರ್ಷ ಮಾರಿದವರೇ ಕಾನೂನಿನ ಪ್ರಕಾರ ಜವಾಬ್ದಾರರು. ಆನ್‌ಲೈನ್‌ನಲ್ಲಿ ತರಿಸಿದರೆ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಕೊಡಬಹುದು. ನಾನು ಹೋದ ಅಂಗಡಿಯಲ್ಲಿ ಸೀಲ್ ಒಡೆದ ಮೇಲೆ ವಾಪಸಿನ ಮಾತೇ ಇಲ್ಲ. ನಮ್ಮಲ್ಲೂ ಅಂಥ ಕಾನೂನು ಬರಬೇಕು ಎಂದು ಮನಸಾರೆ ಅನಿಸಿತು. ಈಗಾಗಲೇ ಒಂದು ಒಳ್ಳೆಯ ಲ್ಯಾಪ್‌ಟಾಪ್ ಇರುವವರು ಅದನ್ನೇ ಒಯ್ದು, ಆರು ತಿಂಗಳು ಕಳೆದು ಅಲ್ಲಿ ಹೊಸದು ಕೊಳ್ಳುವುದು ಜಾಣತನ. ನನ್ನ ಹಳೆಯದು 2016ರದ್ದು. ಅದಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲ, ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ.

ಇಲ್ಲೇ ಕೊಳ್ಳುವವರು ತುಂಬಾ ಎಚ್ಚರದಿಂದ ನೋಡಬೇಕಾದದ್ದು ವಾರಂಟಿ. ಅಂಗಡಿಯವರು "ಎಲ್ಲಾ ಕಡೆ ನಡೆಯುತ್ತೆ ಮೇಡಂ" ಎನ್ನುತ್ತಾರೆ. ಅಷ್ಟು ಸಾಲದು. ಒಂದೇ ಕಂಪನಿಯಲ್ಲಿ ಮನೆಬಳಕೆಯ ಮಾದರಿಗೆ ಕೊಂಡ ದೇಶದಲ್ಲಿ ಮಾತ್ರ ವಾರಂಟಿ ಇದ್ದು, ಆಫೀಸಿಗೆಂದು ಮಾಡಿದ ಮಾದರಿಗೆ ಹೊರದೇಶದಲ್ಲೂ ಇರಬಹುದು. ನಾನು ದುಡ್ಡು ಕೊಡುವ ಮೊದಲು ಡಬ್ಬಿಯ ಮೇಲಿನ ಸೀರಿಯಲ್ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿ, ಜರ್ಮನಿಯಲ್ಲೂ ನಡೆಯುತ್ತದೆ ಎಂದು ನೋಡಿಕೊಂಡೆ. ಆ ಪುಟವನ್ನು ತಮ್ಮ ಫೋಟೋ ತೆಗೆದಿಟ್ಟ. ಇದಕ್ಕಾಗಿಯೇ ಆಫೀಸ್ ಮಾದರಿ ಆರಿಸಿದೆ, ಬೆಲೆ 81 ಸಾವಿರ. ಬಣ್ಣ ಕಪ್ಪು, ನೋಡಲು ಅಂಥ ಚೆಂದವೇನೂ ಇಲ್ಲ, ಆದರೆ ಕೀಗಳು ಒತ್ತಲು ಬಹಳ ಹಿತ.

ಕರೆಂಟಿನ ಬಗ್ಗೆ ಚಿಂತೆ ಬೇಡ. ಇಲ್ಲೂ ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಗೋಡೆಯಿಂದ ಚಾರ್ಜರಿನ ಇಟ್ಟಿಗೆಯಂಥ ಡಬ್ಬಿಯವರೆಗಿನ ವೈರಿನಲ್ಲಿ ನಮ್ಮ ಮೂರು ಪಿನ್ ಇರುತ್ತದೆ, ಅದು ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ. ಆ ವೈರ್ ಒಂದನ್ನು ಅಲ್ಲಿ ಬದಲಾಯಿಸಿದರೆ ಸಾಕು, ಅಲ್ಲಿಯವರೆಗೆ ಒಂದು ಅಡಾಪ್ಟರ್ ಇಟ್ಟುಕೊಂಡಿದ್ದೇನೆ. ಲ್ಯಾಪ್‌ಟಾಪ್ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕನ್ನಂತೂ ಚೆಕ್-ಇನ್ ಪೆಟ್ಟಿಗೆಗೆ ಹಾಕುವಂತೆಯೇ ಇಲ್ಲ. ಸೀಲ್ ಒಡೆಯದ ಹೊಸ ಡಬ್ಬಿಯನ್ನು ಹಾಗೇ ಒಯ್ಯಬೇಡಿ. ವಿಮಾನದಲ್ಲಿ ಬರುವವರ ಜೊತೆಗಿನ ಹೊಸ ಸಾಮಾನಿಗೆ 430 ಯೂರೋ ಮಿತಿ ಇದೆ, ಕಸ್ಟಮ್ಸ್‌ನಲ್ಲಿ ಸುಮ್ನೆ ಪ್ರಶ್ನೆ ಏಳುತ್ತದೆ. ಬಳಸುತ್ತಿರುವ ಸ್ವಂತ ವಸ್ತುವಾಗಿ ಬ್ಯಾಗಿನಲ್ಲಿರಲಿ.

ಇನ್ನು ಮೂರು ವಾರ ಇದನ್ನು ದಿನವೂ ಓಡಿಸುತ್ತೇನೆ. ದೊಡ್ಡ ಡೇಟಾ ಹಾಕಿ ಬಿಸಿ ಮಾಡಿ ನೋಡಬೇಕು, ಎರಡು ಸಲವಾದರೂ ಬ್ಯಾಟರಿ ಪೂರ್ತಿ ಇಳಿಸಿ ನೋಡಬೇಕು. ಹಳೆಯದಕ್ಕೆ ಲಿನಕ್ಸ್ ಹಾಕಿ ತಮ್ಮನಿಗೆ ಕೊಡುವುದೆಂದು ಮಾತಾಗಿದೆ, ಅವನ ಪಿಯುಸಿ ಓದಿಗೆ ಧಾರಾಳವಾಗಿ ಸಾಕು. ನಾಳೆ ಬೆಳಿಗ್ಗೆ ಮೊದಲ ಕೆಲಸ, ಬಿಲ್ಲಿನ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟು ಬರುವುದು.