ಅವರಿಗೆ ಜೋರು, ನನಗೆ ಮಾತ್ರ ಮೆಲ್ಲ ಯಾಕೆ?

ಉಡುಪಿಯಲ್ಲಿ ಫಿಸಿಯೋಥೆರಪಿ ಮಾಡಿಕೊಂಡಿರುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ನಮ್ಮ ನಾದಿನಿಗೂ ಭುಜ ನೋವೇ. ಅವರಿಗೆ ನೀವು ಜೋರು ಎಳೆದು ಒತ್ತಿದಿರಂತೆ. ನನಗೆ ಸುಮ್ಮನೆ ಕೈ ಇಟ್ಟ ಹಾಗೆ ಮಾಡ್ತೀರಲ್ಲ, ಇದರಲ್ಲಿ ಗುಣ ಆಗ್ಲಿಕ್ಕುಂಟಾ ಮಾರಾಯ್ರೇ?" ದನಿಯಲ್ಲಿ ತುಸು ಅನುಮಾನ. ತಪ್ಪೇನಿಲ್ಲ. ನಮ್ಮೂರಲ್ಲಿ ಉಳುಕು ತೆಗೆಯುವವರ ಕೈಯಲ್ಲಿ ಒಮ್ಮೆ ಲಟಕ್ ಎಂದರೇ ದುಡ್ಡು ವಸೂಲಿ.

ಇಬ್ಬರ ಚೀಟಿಯಲ್ಲೂ 'ಫ್ರೋಜನ್ ಶೋಲ್ಡರ್' ಎಂದೇ ಬರೆದಿರಬಹುದು. ಸಾಮಾನ್ಯವಾಗಿ 40ರಿಂದ 60ರ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚಾಗಿ ಬರುವ ತೊಂದರೆ ಇದು. ಆದರೆ ಇದು ಹಂತ ಹಂತವಾಗಿ ನಡೆಯುತ್ತದೆ. ಮೊದಲು ಕೀಲಿನ ಸುತ್ತಲಿನ ಪೊರೆ ಉರಿಯೂತದಿಂದ ಕೆರಳಿರುತ್ತದೆ; ಆ ಕಡೆ ಮಗ್ಗುಲಾದರೆ ನಿದ್ದೆ ಇಲ್ಲ. ಆಮೇಲೆ ನೋವು ತಗ್ಗಿ ಬಿಗಿತ ಉಳಿಯುತ್ತದೆ, ಬೆನ್ನ ಹಿಂದೆ ಕೈ ಹೋಗುವುದಿಲ್ಲ. ಕೊನೆಗೆ ನಿಧಾನವಾಗಿ ಸಡಿಲವಾಗುತ್ತದೆ. ನಾದಿನಿ ಬಂದದ್ದು ಬಿಗಿತದ ಹಂತದಲ್ಲಿ, ಎಳೆದರೆ ತಡೆದುಕೊಂಡರು. ನೀವು ಬಂದದ್ದು ಉರಿಯುವ ಹಂತದಲ್ಲಿ. ಈಗ ನಿಮ್ಮ ಕೈ ಎಳೆದರೆ ಇವತ್ತು ರಾತ್ರಿಯೇ ನನ್ನನ್ನು ಬೈಯುತ್ತೀರಿ.

ಇದು ನನ್ನ ಅನಿಸಿಕೆ ಮಾತ್ರವಲ್ಲ. 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು ಇಂಥ 77 ರೋಗಿಗಳನ್ನು ಎರಡು ವರ್ಷ ಗಮನಿಸಿ ಬರೆದರು. ನೋವಿನ ಮಿತಿ ಮೀರಿ ಎಳೆದು ವ್ಯಾಯಾಮ ಮಾಡಿಸಿದವರಲ್ಲಿ ಭುಜ ಹೆಚ್ಚುಕಡಿಮೆ ಮೊದಲಿನಂತಾದದ್ದು 63 ಶೇಕಡಾ ಮಂದಿಗೆ. ನೋವಿನ ಮಿತಿಯೊಳಗೇ ಕೈ ಆಡಿಸಿಕೊಂಡಿದ್ದವರಲ್ಲಿ 89 ಶೇಕಡಾ. ಜೋರಿಗೆ ಗುಣ ಜಾಸ್ತಿ ಎಂಬ ಲೆಕ್ಕ ಅಲ್ಲಿ ತಲೆಕೆಳಗಾಯಿತು.

ನೋವಿರುವ ಜಾಗವನ್ನು ಮೈ ತಾನೇ ಕಾಯುತ್ತದೆ. ಒತ್ತಿದರೆ ಸ್ನಾಯು ಎದುರಾಗಿ ಬಿಗಿಯುತ್ತದೆ, ನಾನು ಇನ್ನಷ್ಟು ಒತ್ತಿದರೆ ಅದು ಇನ್ನಷ್ಟು. ಉಸಿರು ಕಟ್ಟಿತೇ, ಕಾಲ ಹೆಬ್ಬೆರಳು ಮಡಚಿತೇ, ಮಾತು ನಿಂತಿತೇ ಎಂದು ನೋಡುತ್ತಿರುತ್ತೇನೆ. "ಏನೂ ನೋವಿಲ್ಲ" ಎನ್ನುತ್ತಲೇ ಮೇಜಿನ ಅಂಚು ಗಟ್ಟಿಯಾಗಿ ಹಿಡಿದವರು ಬೇಕಾದಷ್ಟು. ಬಾಯಿ ಸಂಕೋಚಕ್ಕೆ ಹೇಳುತ್ತದೆ, ಬೆರಳು ಹಾಗಲ್ಲ. ಕೈ ಎಷ್ಟು ಭಾರ ಇರಬೇಕೆಂದು ನಾನು ತಿಳಿಯುವುದು ಅದರಿಂದ.

ಇನ್ನು ರೋಗಿ ಮಾಡುವ ಕೆಲಸ. ಮಂಗಳೂರಿನ ಕಡೆಯಿಂದ ಬರುವ ಬೀಡಿ ಕಟ್ಟುವ ಹೆಂಗಸರ ಕುತ್ತಿಗೆ, ಮಡಿಲಲ್ಲಿ ತಡ್ಪೆ (ಮೊರ) ಇಟ್ಟು ದಿನವಿಡೀ ಬಗ್ಗಿ ಬಗ್ಗಿ ದಣಿದದ್ದು. ಬಡಗುತಿಟ್ಟು ಯಕ್ಷಗಾನದ ವೇಷಧಾರಿಯದ್ದು ಬೇರೆಯೇ ಕಥೆ: ಮಂಡಿ ಹಾಕಿ ತಿರುಗಿದ ಮೊಣಕಾಲು, ಕಿರೀಟ ಹೊತ್ತ ಕುತ್ತಿಗೆ, ನಿದ್ದೆಗೆಟ್ಟ ಮೈ. ಮೇಳದ ತಿರುಗಾಟದ ನಡುವೆ ಬಂದವರಿಗೆ ನಾನು ಆಳಕ್ಕೆ ಕೈ ಹಾಕುವುದಿಲ್ಲ, ಇವತ್ತು ರಾತ್ರಿಯೂ ಕುಣಿಯಬೇಕಲ್ಲ! ಮಳೆಗಾಲದಲ್ಲಿ ಬನ್ನಿ, ಆಗ ನೋಡುವ ಎನ್ನುತ್ತೇನೆ. ಬೀಡಿ ಕಟ್ಟುವವರಿಗೆ ನನ್ನ ಕೈಗಿಂತ ಕೂರುವ ಎತ್ತರ ಬದಲಿಸಿದ್ದೇ ಹೆಚ್ಚು ಸಹಾಯ ಮಾಡಿದ್ದುಂಟು.

ಹಾಗೆಂದು ಮೆಲ್ಲ ಮುಟ್ಟುವುದೆಲ್ಲ ಪವಾಡವೂ ಅಲ್ಲ. ಕ್ರೇನಿಯೋಸೇಕ್ರಲ್ ಥೆರಪಿ ಎಂಬುದೊಂದಿದೆ. ಅಮೆರಿಕದ ಆಸ್ಟಿಯೋಪಥಿ (ಮೂಳೆ, ಸ್ನಾಯುಗಳನ್ನು ಕೈಯಿಂದ ಸರಿಪಡಿಸುವ ಪದ್ಧತಿ) ವೈದ್ಯ ಸದರ್‌ಲ್ಯಾಂಡ್ ಅವರ ವಿಚಾರದಿಂದ ಹುಟ್ಟಿ, ಅಪ್ಲೆಡ್ಜರ್ ಎಂಬವರಿಂದ ಜನಪ್ರಿಯವಾದದ್ದು. ತಲೆಬುರುಡೆಯ ಮೂಳೆಗಳು ಒಂದು ಲಯದಲ್ಲಿ ತುಸು ಸರಿಯುತ್ತವೆ, ಸುಮಾರು 5 ಗ್ರಾಂ ಒತ್ತಡದಲ್ಲಿ ಆ ಲಯ ಹಿಡಿಯುತ್ತೇವೆ ಎನ್ನುತ್ತಾರೆ. ಒಬ್ಬರದೇ ತಲೆಯನ್ನು ಬೇರೆ ಬೇರೆ ಥೆರಪಿಸ್ಟ್‌ಗಳು ಮುಟ್ಟಿ ಲಯ ಎಣಿಸಿದಾಗ ಆ ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ. ನಾನದನ್ನು ನಂಬುವುದಿಲ್ಲ. ಆದರೆ ಶಾಂತವಾಗಿ ಮಲಗಿ ಎದ್ದವರಿಗೆ ಹಾಯೆನಿಸುವುದನ್ನು ಅಲ್ಲಗಳೆಯುವುದಿಲ್ಲ. ನಿಧಾನದ ಸ್ಪರ್ಶಕ್ಕೇ ಸ್ಪಂದಿಸುವ ನರತಂತುಗಳು ಚರ್ಮದಲ್ಲಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದಾಗ ಅವು ಚೆನ್ನಾಗಿ ಎಚ್ಚರಗೊಳ್ಳುತ್ತವೆ. ಹಾಯೆನಿಸಲು ಅಷ್ಟು ಸಾಕು, ಬುರುಡೆಯ ಮೂಳೆ ಸರಿಯಬೇಕಾಗಿಲ್ಲ.

ಕೆಲವರನ್ನು ಮುಟ್ಟುವುದೇ ಇಲ್ಲ, ಅದೂ ಇದೇ ಉತ್ತರದ ಭಾಗ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ತಿಕ್ಕಬಾರದು, ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಮೂಳೆ ಸವೆದ ಅಜ್ಜಿಯರು ಬಂದರೆ ಬೆರಳ ತುದಿಯಲ್ಲಿ ಮಾತ್ರ ಕೆಲಸ. ಸಕ್ಕರೆಯಿಂದ ಪಾದದ ಸ್ಪರ್ಶ ಹೋದವರು "ಜೋರು ಒತ್ತಿ, ಗೊತ್ತೇ ಆಗುವುದಿಲ್ಲ" ಎನ್ನುತ್ತಾರೆ. ಒತ್ತದೇ ಇರಲು ಅದೇ ಕಾರಣ ಎಂದು ಅವರಿಗೆ ಒಪ್ಪಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ.

'ಹತ್ತು ಸಿಟ್ಟಿಂಗ್ ಪ್ಯಾಕೇಜ್' ಎಂಬ ಬೋರ್ಡು ನೋಡಿದಾಗ ನನಗೆ ಸಿಟ್ಟು ಬರುವುದೂ ಇದಕ್ಕೇ. ರೋಗಿಯನ್ನು ನೋಡುವ ಮೊದಲೇ ಹತ್ತು ಎಂದು ಯಾರಿಗೆ ಹೊಳೆಯಿತು? ಬರುವಾಗ ಮಾತ್ರೆಯ ಚೀಟಿ ತನ್ನಿ, ಇತ್ತೀಚಿನ ಸಕ್ಕರೆಯ ರಿಪೋರ್ಟ್ ತನ್ನಿ, ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೀರಿ ಎಂದು ನೆನಪಿಟ್ಟುಕೊಂಡು ಬನ್ನಿ. ಎಷ್ಟು ಸಲ ಬರಬೇಕೆಂದು ಎರಡನೇ ಭೇಟಿಯಲ್ಲಿ ಹೇಳುತ್ತೇನೆ.

ಮೆಲ್ಲ ಮಾಡಿದರೆ ಫೀಸು ಕಮ್ಮಿಯಾ ಎಂದು ಕೇಳುವವರೂ ಇದ್ದಾರೆ. ಇಲ್ಲ, ಅದೇ ಫೀಸು.